ಹನ್ನೆರಡನೆಯ ಪ್ರಶ್ನೆ

ಶಿಕ್ಷಕಿ ಗಂಗೋತ್ರಿಗೆ ಕಾಯಂ ನೌಕರಿ ಇರಲಿಲ್ಲ. ರಾಯದುರ್ಗದ ಆ ವಸತಿಶಾಲೆಯಲ್ಲಿ ಅವಳ ಗುತ್ತಿಗೆ ವರ್ಷವರ್ಷವೂ ಹೆಡ್‌ಮಾಸ್ಟರ್ ಗಂಗರಾಜು ಅವರ ಸಹಿಯಿಂದಲೇ ಮುಂದುವರಿಯಬೇಕು.

ಪ್ರವೇಶ ಪರೀಕ್ಷೆಯ ಉತ್ತರಗಳನ್ನು ಅವಳು ಐಟಂ ರೆಸ್ಪಾನ್ಸ್ ಥಿಯರಿಯ ಲೆಕ್ಕಕ್ಕೆ ಹಾಕಿದಳು. ಮಕ್ಕಳ ಸಾಮರ್ಥ್ಯವನ್ನೂ ಪ್ರಶ್ನೆಯ ಕಷ್ಟವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವ ಲೆಕ್ಕ ಅದು. ಹನ್ನೆರಡನೆಯ ಪ್ರಶ್ನೆ ಕೆಟ್ಟಿತ್ತು. ಉಳಿದೆಲ್ಲ ಸರಿಯಾಗಿ ಬರೆದ ಜಾಣ ಮಕ್ಕಳೇ ಅದರಲ್ಲಿ ತಪ್ಪಿದ್ದರು. ‘ಮುಂಗಾರಿಗೆ ನಮ್ಮ ಕಡೆಯ ಮುಖ್ಯ ಬೆಳೆ ಯಾವುದು?’ ಕೀ ಉತ್ತರದ ಪ್ರಕಾರ ಭತ್ತ. ತಪ್ಪಿದವರೆಲ್ಲ ಮಳೆಯನ್ನೇ ನಂಬಿದ ಬೆಳುಗುಪ್ಪದ ಕಡೆಯವರು, ಶೇಂಗಾ ಎಂದು ಗುರುತು ಹಾಕಿದ್ದರು.

“ಈ ಪ್ರಶ್ನೆ ತೆಗೀಬೇಕ್ರಿ ಸರ್. ಇದು ಜಾಣತನ ಅಳೆಯಂಗಿಲ್ಲ, ಊರಾಗ ಕಾಲುವೆ ಐತೋ ಇಲ್ಲೋ ಅಂತ ಅಳೀತೈತಿ.”

ಪ್ರಶ್ನೆ ಬರೆದವರು ಕಾಲುವೆ ನೀರು ಹರಿಯುವ ಬೊಮ್ಮನಹಾಳಿನ ಗಂಗರಾಜು ಅವರೇ. ಅವರು ನಕ್ಕರು. “ಕುಣಿಯಾಕ ಬರದವರು ನೆಲ ಡೊಂಕು ಅಂದ್ರಂತ್ರಿ ಮೇಡಂ. ಆಯ್ಕೆ ಪಟ್ಟಿಗೆ ಸಹಿ ಹಾಕ್ರಿ. ನಿಮ್ಮ ಮುಂದಿನ ವರ್ಷದ ಆರ್ಡರೂ ಇಲ್ಲೇ ಟೇಬಲ್ ಮ್ಯಾಲ ಐತಿ.”

ಬಾಗಿಲು ತೆರೆದೇ ಇತ್ತು. ಅವಳು ಎದ್ದು ಹೋಗಲಿಲ್ಲ, ಸಹಿ ಹಾಕಿದಳು.

ಒಂಬತ್ತು ಮಕ್ಕಳಿಗೆ ಒಂದೊಂದು ಅಂಕ ಹೋಯಿತು. ಅವರಲ್ಲಿ ನಾಲ್ವರಿಗೆ ಸೀಟು ಹೋಯಿತು.