ತಾಶ್ತನ್‌ನ ಮುಖದ ಅಗಲ

ಮೂರು ದಿನದಲ್ಲಿ ಮೂರು ಅಳತೆ ಹೇಳಿದ ಪುಣ್ಯಾತ್ಮ ಮೆಡೆರ್. ಅವನ ಅಪ್ಪ ತಾಶ್ತನ್ ತೀರಿಕೊಂಡು ವರ್ಷವಾಗಿತ್ತು. ಶನಿವಾರ ಅಶ್, ಅಂದರೆ ವರ್ಷದ ಊಟ. ಆ ಊಟಕ್ಕೆ ಕುದುರೆ ಮಾಂಸ ಎಷ್ಟು ಮುಖ್ಯವೋ ಸತ್ತವರ ಮುಖವಿರುವ ಬ್ಯಾನರೂ ಈಗ ಅಷ್ಟೇ ಮುಖ್ಯ. ನಾರಿನ್ ಪೇಟೆಯಲ್ಲಿ ಬ್ಯಾನರ್ ಮುದ್ರಿಸುವ ಅಂಗಡಿಗಳು ಎರಡು. ಅದರಲ್ಲೊಂದರಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿರುವವಳು ನಾನು, ಚಿನಾರಾ. ಮದುಮಕ್ಕಳ ಮುಖ, ಸತ್ತವರ ಮುಖ, ನಡುನಡುವೆ ಟೈರ್ ಅಂಗಡಿಯ ಬೋರ್ಡು. ನಿಜ ಹೇಳಬೇಕೆಂದರೆ ನನಗೆ ಸಾಕಾಗಿಹೋಗಿದೆ.

“ಎಜೆ, ಯುರ್ತಾ ಡೇರೆ ಒಳಗೆ ತೂಗುಹಾಕ್ತೀವಿ ಅಂದಿದ್ನಲ್ಲ, ಅದು ಬೇಡ. ಊಟದ ಹಾಲ್ ಗೋಡೆಗೆ ಹಾಕ್ತೀವಿ. ಉದ್ದುದ್ದ ಇರೋದನ್ನ ಅಡ್ಡಕ್ಕೆ ಮಾಡಿ,” ಎಂದ ಎರಡನೆಯ ದಿನ. ಎಜೆ ಅಂದರೆ ಅಕ್ಕ. ಕೆಲಸ ಹೆಚ್ಚಿದಷ್ಟೂ ಗಿರಾಕಿಗಳ ಬಾಯಲ್ಲಿ ಆ ಪದ ಸಿಹಿಯಾಗುತ್ತದೆ.

“ಅಡ್ಡಕ್ಕೆ ಮಾಡೋಕೆ ನಿಮ್ಮಪ್ಪ ಏನು ಕಂಬಳೀನಾ? ಬೇರೆ ಫೋಟೊ ಇಲ್ವೇನೋ?”

“ಇಲ್ಲ ಎಜೆ. ಕ್ಯಾಮರಾ ಕಂಡ್ರೆ ಕುದುರೆ ತಿರುಗಿಸ್ಕೊಂಡು ಹೋಗೋರು. ಗುರುತಿನ ಚೀಟಿಗೆ ತೆಗೆಸಿದ್ದು ಇದೊಂದೇ. ಅಮ್ಮಂದು ಒಂದೇ ಮಾತು. ಬೇರೆ ಏನು ಹಾಳಾದ್ರೂ ಪರವಾಗಿಲ್ಲ, ಮುಖ ಮಾತ್ರ ಅವರದೇ ಇರ್ಬೇಕು ಅಂತ.”

“ನಿಮ್ಮ ದೊಡ್ಡಪ್ಪ ಬರ್ತಾರಾ?” ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು. ಬೇಸಿಗೆಯ ಹುಲ್ಲುಗಾವಲಿನ ಜಗಳದಲ್ಲಿ ತಾಶ್ತನ್ ಮತ್ತು ಅವರಣ್ಣ ಶಾರ್ಶೆನ್ ಒಂಬತ್ತು ವರ್ಷ ಮಾತು ಬಿಟ್ಟಿದ್ದು ಊರಿಗೆಲ್ಲ ಗೊತ್ತು. ತಮ್ಮನ ಮಣ್ಣಿಗೂ ಶಾರ್ಶೆನ್ ಬಂದಿರಲಿಲ್ಲ. ಸಾವಿನ ಮನೆ ಕಣ್ಣಿಗೆ ಬೀಳುತ್ತಲೇ ಗಂಡಸು ದೂರದಿಂದಲೇ “ಬೌರುಮ್ ಓಯ್, ನನ್ನ ಒಡಹುಟ್ಟಿದವನೇ” ಎಂದು ಗಂಟಲು ಬಿಚ್ಚಿ ಕೂಗಿಕೊಂಡು ಬರಬೇಕು. ಆ ಒಂದು ಕೂಗು ಅವರಿಂದ ಇನ್ನೂ ಹೊರಟಿರಲಿಲ್ಲ.

ಮೆಡೆರ್ ನೆಲ ನೋಡಿದ. “ಬರ್ತೀನಿ ಅಂದಿದಾರೆ. ಬಂದು ಬಾಯಿ ತೆರೆಯದೆ ಸುಮ್ನೆ ಕೂತ್ರೆ ತಟ್ಟೆಗೆ ಮಾಂಸ ಹಾಕಲ್ಲ ಅಂತ ಅಮ್ಮ ಹಟ ಹಿಡಿದಿದಾಳೆ.”

ಶುಕ್ರವಾರ ಬೆಳಿಗ್ಗೆ ಅವನ ಫೋನು ಮತ್ತೆ ಬಂತು. ಹಾಲ್ ಗೋಡೆಯೂ ಬೇಡವಂತೆ, ಮನೆಯ ಗೇಟಿಗಂತೆ, ಇನ್ನೂ ಅಗಲ ಬೇಕಂತೆ, ಮಧ್ಯಾಹ್ನದೊಳಗೆ ಬೇಕಂತೆ. ಬೈಯುವುದಕ್ಕೂ ತ್ರಾಣವಿರಲಿಲ್ಲ.

ಕಂಪ್ಯೂಟರ್ ಪರದೆಯಲ್ಲಿ ಅಗಲ ಮತ್ತು ಎತ್ತರದ ಅಂಕಿಗಳ ಪಕ್ಕದಲ್ಲಿ ಸರಪಳಿಯ ಒಂದು ಪುಟ್ಟ ಗುರುತಿರುತ್ತದೆ. ಅದು ಮುಚ್ಚಿದ್ದರೆ ಅಗಲ ಹಿಗ್ಗಿದಷ್ಟೇ ಎತ್ತರವೂ ಹಿಗ್ಗುತ್ತದೆ, ಮುಖ ಮುಖವಾಗಿಯೇ ಉಳಿಯುತ್ತದೆ. ತೆರೆದಿದ್ದರೆ ಎತ್ತ ಎಳೆದರೆ ಅತ್ತ. ನಮ್ಮ ಬ್ಯಾನರುಗಳಿಗೆ ಸುತ್ತಲೂ ಟಗರಿನ ಕೊಂಬಿನ ಆಕಾರದ ಬಳ್ಳಿ ಚಿತ್ತಾರ ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ. ಕೊಂಬನ್ನು ಎಷ್ಟು ಎಳೆದರೂ ಕೊಂಬೇ, ಆದ್ದರಿಂದ ಬಳ್ಳಿ ಎಳೆಯುವಾಗ ನಾವೆಲ್ಲ ಸರಪಳಿ ತೆರೆದುಕೊಳ್ಳುತ್ತೇವೆ. ಅವತ್ತು ತೆರೆದವಳು ಮುಚ್ಚಲಿಲ್ಲ. ಬಳ್ಳಿ, ಅಕ್ಷರ, ಫೋಟೊ ಎಲ್ಲವನ್ನೂ ಒಟ್ಟಿಗೆ ಹಿಡಿದು ಪಕ್ಕಕ್ಕೆ ಎಳೆದೆ. ಜಾಗ ತುಂಬಿತು. ಮುದ್ರಣಕ್ಕೆ ಕಳಿಸಿ ಚಹಾ ಬಗ್ಗಿಸಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅನ್ನಬಾರದು, ತಪ್ಪು ನನ್ನದೇ.

ಹನ್ನೊಂದು ಗಂಟೆಗೆ ಬಿಳಿ ಕಂಬಳಿ ಟೋಪಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. ಗುಂಡುಮುಖ, ತುಂಬಿದ ಕೆನ್ನೆ.

“ತಾಶ್ತನ್ ಹೆಂಡ್ತಿ ಕಳಿಸಿದ್ಲು. ಮನೆ ಒಳಗೆ ಬರೋ ಮೊದ್ಲು ಬ್ಯಾನರ್ ತಗೊಂಡ್ ಬಾ ಅಂದ್ಲು,” ಎಂದರು. ಶಾರ್ಶೆನ್ ಇವರೇ ಎಂದು ಆಗ ತಿಳಿಯಿತು.

ಬ್ಯಾನರನ್ನು ಮೇಜಿನ ಮೇಲೆ ಬಿಚ್ಚಿದೆ. ಅವರು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬ್ಯಾನರ್ ನೋಡಿದರು.

“ಏನ್ ಮಗಳೇ, ನನ್ನನ್ನ ಇಷ್ಟು ಬೇಗ ಕಳಿಸೋಕೆ ಹೊರಟಿದೀಯಾ?”

ನಾನೂ ಬಗ್ಗಿ ನೋಡಿದೆ. ಕೊಂಬಿನ ಬಳ್ಳಿಯ ನಡುವೆ, ಸತ್ತ ದಿನಾಂಕದ ಮೇಲೆ ಇದ್ದದ್ದು ಎದುರಿಗೆ ನಿಂತ ಮನುಷ್ಯನೇ. ಅದೇ ಕೆನ್ನೆ, ಅದೇ ಚಪ್ಪಟೆ ಮೂಗು. ಇದನ್ನು ಗೇಟಿಗೆ ಕಟ್ಟಿದ್ದರೆ ಬದುಕಿರುವವನಿಗೆ ಅಶ್ ಮಾಡಿದರೆಂದು ಊರು ಆಡಿಕೊಳ್ಳುತ್ತಿತ್ತು, ತಾಶ್ತನ್ ಹೆಂಡತಿಗೆ ಉಳಿದಿದ್ದ ಗಂಡನ ಒಂದೇ ಮುಖವೂ ಹೋಗುತ್ತಿತ್ತು.

“ತಪ್ಪಾಯ್ತು ಹಿರಿಯರೇ. ಫೋಟೊ ಎಳೆದುಬಿಟ್ಟಿದೀನಿ. ಅರ್ಧ ಗಂಟೆ ಕೊಡಿ, ಬೇರೆ ಹಾಕಿಕೊಡ್ತೀನಿ.”

“ಎಳೆದಿದೀನಿ ಅಂದ್ರೆ?”

ವಿವರಿಸುವ ಶಕ್ತಿ ಇರಲಿಲ್ಲ. ಕುರ್ಚಿ ಎಳೆದುಕೊಟ್ಟು ಪರದೆ ಅವರ ಕಡೆ ತಿರುಗಿಸಿದೆ. ಅವರು ಕೂರಲಿಲ್ಲ.

“ಎಷ್ಟು ಎಳೆದಿದೀಯ?”

“ನೂರಕ್ಕೆ ಹದಿನೆಂಟು.”

“ಅಷ್ಟೇನಾ?”

ಅಗಲದ ಚೌಕದಲ್ಲಿ ನೂರ ಹದಿನೆಂಟನ್ನು ಅಳಿಸಿ ನೂರು ಹೊಡೆದೆ. ಕೆನ್ನೆ ಒಳಗೆ ಹೋಯಿತು, ಗಲ್ಲದ ಮೂಳೆ ಎದ್ದಿತು, ಒಣಕಲು ಮನುಷ್ಯನೊಬ್ಬ ಕ್ಯಾಮರಾ ಮೇಲೆ ಸಿಟ್ಟಾಗಿ ನಮ್ಮಿಬ್ಬರನ್ನೂ ನೋಡಿದ. ಶಾರ್ಶೆನ್ ಅಷ್ಟು ವರ್ಷದ ಮೇಲೆ ತಮ್ಮನ ಮುಖ ನೋಡುತ್ತಿದ್ದರು.

“ಮತ್ತೆ ನನ್ನ ಮಾಡು,” ಎಂದರು.

ಮಾಡಿದೆ.

“ಈಗ ಅವನ್ನ.”

ಅದನ್ನೂ ಮಾಡಿದೆ. ಮೂರನೆಯ ಸಲ ಕೇಳಿದಾಗ ರೇಗಿತು. ಎರಡು ಮದುವೆ, ಒಂದು ಸುನ್ನತಿಯ ಬ್ಯಾನರುಗಳು ಕಾಯುತ್ತಿದ್ದವು. ಆದರೆ ಅವರು ಪರದೆಗೆ ಬೆರಳು ತಾಕಿಸಿ ನಿಂತಿದ್ದುದನ್ನು ಕಂಡು ಮತ್ತೆ ಮಾಡಿದೆ. ಕೊನೆಗೆ ನೂರಕ್ಕೇ ತಂದು ಸರಪಳಿ ಮುಚ್ಚಿದೆ. ಪಕ್ಕದಲ್ಲಿ ಉಳಿದ ಖಾಲಿ ಜಾಗಕ್ಕೆ ಬೆಟ್ಟ, ಆಕಾಶ ತುಂಬಿದೆ. ನಡುವೆ ತಾಶ್ತನ್ ತನ್ನಷ್ಟೇ ಅಗಲಕ್ಕೆ ನಿಂತ.

“ಇಷ್ಟೇ ಇದ್ದದ್ದು ನಮ್ಮಿಬ್ಬರ ಮಧ್ಯೆ,” ಎಂದರು ಶಾರ್ಶೆನ್. “ಇಷ್ಟಕ್ಕೆ ನಾನು ಮಣ್ಣು ಹಾಕೋಕೂ ಹೋಗ್ಲಿಲ್ಲ.”

ಆಮೇಲೆ ಮೇಜಿನ ಅಂಚು ಹಿಡಿದು, ಸೊಂಟ ಬಾಗಿಸಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು. “ಬೌರುಮ್ ಓಯ್! ನನ್ನ ತಾಶ್ತನ್ ಓಯ್!” ಎದುರಿನ ಟೈರ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು.

ಹಾಗೆ ಕೂಗಿಕೊಂಡು ಬಂದವನಿಗೆ ಸತ್ತವರ ಮನೆಯವರು ಎದುರು ಹೋಗಿ ತೋಳು ಕೊಡಬೇಕು, ಒಬ್ಬನೇ ನಿಂತು ಅಳಲು ಬಿಡಬಾರದು. ಅಲ್ಲಿ ಮನೆಯವರು ಯಾರೂ ಇರಲಿಲ್ಲ. ಕೈಲಿದ್ದ ಕೆಲಸ ಬಿಟ್ಟು ನಾನೇ ಎದ್ದು ಹೋಗಿ ತೋಳು ಕೊಟ್ಟೆ.