ತಡಿಯಕ್ಕನ ಹತ್ತಿರ

ಮಗಳು ಕುರ್ಚಿಗಳನ್ನು ಮತ್ತೆ ಒಂದಕ್ಕೊಂದು ತಾಗಿಸಿಟ್ಟು ಬೆನ್ನು ತಿರುಗಿಸಿದಳೋ ಇಲ್ಲವೋ, ಹಿಂದೆ ಕರಕರ ಎಳೆದ ಸದ್ದಾಯಿತು. ನೋಡಿದರೆ ಡಾಕ್ಟರು, ಆಂಬುಲೆನ್ಸ್ ಡ್ರೈವರು, ಲಾಂಡ್ರಿಯಮ್ಮ ಮೂವರೂ ತಮ್ಮ ತಮ್ಮ ಕುರ್ಚಿಗಳನ್ನು ದೂರ ದೂರಕ್ಕೆ ಎಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಕೂತಿದ್ದರು. ಆಸ್ಪತ್ರೆಯ ಉಳಿದ ಹಳಬರು ಗೋಡೆಯುದ್ದಕ್ಕೂ ಅಷ್ಟಷ್ಟೇ ಅಂತರ ಬಿಟ್ಟು ನಿಂತಿದ್ದರು. ಇಷ್ಟು ದೊಡ್ಡವರೇ ಹೀಗೆ ನಿಂತರೆ ನೆರೆಮನೆಯವರು ಪಾಪ ಏನು ಮಾಡಿಯಾರು? ಹೀಗೇ ನಿಲ್ಲಬೇಕೇನೋ ಎಂದುಕೊಂಡು ಅವರೂ ಅಂಗಳದಲ್ಲಿ ಒಬ್ಬೊಬ್ಬರೇ ಬಿಡಿಬಿಡಿಯಾಗಿ ನಿಂತುಬಿಟ್ಟಿದ್ದರು. ನಡುಮನೆಯಲ್ಲಿ ತೆರೆದ ಪೆಟ್ಟಿಗೆಯೊಳಗೆ ಅಮ್ಮ ಮಲಗಿದ್ದಳು. ಅವಳ ಹತ್ತಿರ ಇದ್ದದ್ದು ಅಪ್ಪ ಒಬ್ಬನೇ. ಕ್ಷೌರದಂಗಡಿಯಲ್ಲಿ ಜೀವನ ಸವೆಸಿದ ಕೈ, ಸುಮ್ಮನಿರಲಾರದೆ ಹೆಂಡತಿಯ ತಲೆ ಬಾಚುತ್ತಿತ್ತು.

"ಇವರಿಗೆಲ್ಲ ಏನಾಗಿದೆ ಅಪ್ಪಾ? ಮುಟ್ಟಿದ್ರೆ ಕಚ್ತಾಳಾ ಅಮ್ಮ?"

"ಅಭ್ಯಾಸ ಕಣಮ್ಮ. ಅವಳೇ ಕಲಿಸಿದ್ದು. ಅವಳು ಕಲಿಸಿದ್ದು ಅಷ್ಟು ಸುಲಭಕ್ಕೆ ಬಿಡುತ್ತಾ?"

"ಆದ್ರೆ ಅಮ್ಮ ನನಗೆ ಹೇಳಿದ್ದೇ ಬೇರೆ!"

ಹೇಳಿದ್ದು ಒಂದು ಸಲವೇ? ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ಫೋನಿಡುವ ಮುಂಚೆ, ಬೇಡ ಅಂದರೂ ಕೇಳದೆ ಹೇಳಿದ್ದಳು. "ನಾನು ಹೋದ ದಿನ ಯಾರೂ ದೂರ ನಿಂತು ನೋಡಬಾರದು. ಕೊನೇ ಬಸ್ಸಿಗೆ ನುಗ್ಗೋ ಹಾಗೆ ನುಗ್ಗಬೇಕು. ಕೈ ಹಿಡೀಬೇಕು, ಕೆನ್ನೆ ಹಿಂಡಬೇಕು. ನೀನು ಮಾಡಿಸಲಿಲ್ವೋ, ಎದ್ದು ಬಂದು ಬೈತೀನಿ." ರಾತ್ರಿ ಊಟ ಮಾಡಿ, ಫ್ಯಾನು ಜೋರಾಗಿಟ್ಟನೆಂದು ಗಂಡನಿಗೆ ಬೈದು ಮಲಗಿದವಳು ಬೆಳಗ್ಗೆ ಏಳಲಿಲ್ಲ. ತುಂಬು ಆಯುಷ್ಯ, ಸುಖದ ಸಾವು. ಅವಳು ಕೇಳಿದ್ದು ಇದೊಂದೇ. ಇದನ್ನೂ ಮಾಡಿಸಲಾಗದಿದ್ದರೆ ಮಗಳಾಗಿ ಏನು ಬಂತು? ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವ ಹೊತ್ತು ಬೇರೆ ಆಗಿತ್ತು.

ಅವಳು ನೇರ ಡಾಕ್ಟರ ಮುಂದೆ ಹೋಗಿ ನಿಂತಳು. "ಅಂಕಲ್, ಹತ್ತಿರ ಬನ್ನಿ."

"ಇಲ್ಲಿಂದ ಚೆನ್ನಾಗೇ ಕಾಣ್ತಾಳಮ್ಮ."

"ಕಾಣೋದಲ್ಲ ಅಂಕಲ್, ಮುಟ್ಟಬೇಕು."

ಡಾಕ್ಟರು ಕೈಗಳನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡರು. "ಒಂದ್ಸಲ ಅವಳ ಮೈಮೇಲೆ ಬಿದ್ದು ಅವಳನ್ನ ಕ್ವಾರಂಟೈನ್ ಕೋಣೆಗೆ ಹಾಕಿಸಿದ್ದೀನಿ. ಅಷ್ಟು ಸಾಕು."

"ಬಿದ್ದಿದ್ದಾದ್ರೂ ಹೇಗೆ? ಸಿಮೆಂಟ್ ಮೂಟೆ ಬಿದ್ದ ಹಾಗೆ!" ಎಂದ ಡ್ರೈವರು ತನ್ನ ಮೂಲೆಯಿಂದ. ಎಲ್ಲರೂ ಕಿಸಕ್ಕನೆ ನಕ್ಕರು. ನಕ್ಕರೇ ಹೊರತು ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

* * *

ಇವರಿಗೆಲ್ಲ ದೂರ ನಿಲ್ಲುವ ಅಭ್ಯಾಸ ಹತ್ತಿಸಿದ ಆ ಜ್ವರ ಊರಿಗೆ ಬಂದಾಗ ಮಗಳಿನ್ನೂ ಒಂದನೇ ಕ್ಲಾಸು. ಜ್ವರ ಬಂದವರಲ್ಲಿ ಅರ್ಧಕ್ಕರ್ಧ ಜನ ಉಳಿಯುತ್ತಿರಲಿಲ್ಲ. ರೋಗಿಯ ರಕ್ತವೋ ವಾಂತಿಯೋ ಒಂದು ಹನಿ ಸೋಕಿದರೆ ನೋಡಿಕೊಳ್ಳುವವರಿಗೂ ಅದೇ ಗತಿ. ಹಾಗಾಗಿ ಒಳಗೆ ಹೋಗುವವರು ಕಣ್ಣೂ ಕಾಣದಂತೆ ಮೈತುಂಬ ಉಡುಪು ತೊಟ್ಟು ಹೋಗುತ್ತಿದ್ದರು. ಆದರೆ ತೊಡುವುದು ಏನೇನೂ ಅಲ್ಲ, ಬಿಚ್ಚುವುದೇ ಗಂಡಾಂತರ. ರೋಗವೆಲ್ಲ ಹೊರಮೈಗೆ ಅಂಟಿರುತ್ತದಲ್ಲ! ದಣಿದವರು ಮರೆತು ಒಮ್ಮೆ ಹಣೆ ಒರೆಸಿಕೊಂಡರೆ ಕತೆ ಮುಗಿಯಿತು.

ಅದಕ್ಕೇ ನರ್ಸಾಗಿದ್ದ ಅಮ್ಮನನ್ನು ಬಿಚ್ಚುವ ಕೋಣೆಗೆ ಹಾಕಿದರು. ನೆಲದ ಮೇಲೊಂದು ಹಳದಿ ಗೆರೆ. ಗೆರೆಯ ಈಚೆ ನಿಂತು ಅವಳು ಒಂದೊಂದೇ ಕೂಗಿ ಹೇಳಬೇಕು, ಆಚೆ ನಿಂತವರು ಒಂದೊಂದೇ ಮಾಡಬೇಕು. ಅವಳು ಹೇಳದೆ ಬೆರಳು ಅಲ್ಲಾಡಿಸುವಂತಿಲ್ಲ. "ತಡಿ. ಕೈ ತೊಳಿ. ತಡಿ. ಹೊರಗಿನ ಗ್ಲೌಸು ಬಿಚ್ಚು. ತಡಿ ಅಂದ್ನಲ್ಲ, ಕಿವಿ ಮನೇಲಿಟ್ಟು ಬಂದಿದ್ದೀಯಾ?" ಡಾಕ್ಟರಾಗಲಿ ಕಸ ಗುಡಿಸುವವರಾಗಲಿ, ಆ ಕೋಣೆಯಲ್ಲಿ ಎಲ್ಲರಿಗೂ ಏಕವಚನ. ಬೆವರಿನಲ್ಲಿ ಬೆಂದು, ಬೇಗ ಬಿಡು ತಾಯಿ ಎಂದು ಅತ್ತವರನ್ನೂ ಅವಳು ಬಿಡಲಿಲ್ಲ. ತಡಿಯಕ್ಕ ಎಂಬ ಹೆಸರು ಅಲ್ಲೇ ಅಂಟಿದ್ದು. ಅವಳ ಮುಂದೆ ಬಿಚ್ಚಿದವರಲ್ಲಿ ಒಬ್ಬರಿಗೂ ಜ್ವರ ತಗಲಲಿಲ್ಲ.

ಅಂಥ ತಡಿಯಕ್ಕನೇ ಒಂದು ಮಧ್ಯಾಹ್ನ ಗೆರೆ ದಾಟಿದಳು. ಸೆಕೆಗೆ ತಲೆಸುತ್ತಿ ಡಾಕ್ಟರು ಮುಂದಕ್ಕೆ ವಾಲಿದ್ದರು. ನೆಲಕ್ಕೆ ಬಡಿದು ಮಾಸ್ಕು ಕಿತ್ತು ಹೋಗಬೇಕು, ಅಷ್ಟರಲ್ಲಿ ಅವಳು ಓಡಿ ಹೋಗಿ ಎರಡೂ ತೋಳಿನಲ್ಲಿ ಅವರನ್ನು ತಬ್ಬಿ ಹಿಡಿದಳು. ಅವಳ ಮೈಮೇಲಿದ್ದದ್ದು ಒಂದು ತೆಳು ಏಪ್ರನ್ನು.

ಇಬ್ಬರನ್ನೂ ಹಳೇ ನರ್ಸ್ ಹಾಸ್ಟೆಲ್ಲಿನ ಕೆಳಗಿನ ಕೋಣೆಗಳಲ್ಲಿ ಕ್ವಾರಂಟೈನಿಗೆ ಹಾಕಿದರು. ಊರಿನಲ್ಲಿ ಅಪ್ಪನ ಅಂಗಡಿಯೂ ಖಾಲಿ ಹೊಡೆಯಿತು. ವಾರ್ಡಿನವಳ ಗಂಡನ ಕತ್ತರಿಗೆ ತಲೆ ಕೊಡುವ ಧೈರ್ಯ ಯಾರಿಗಿತ್ತು? ಕೆಲಸವಿಲ್ಲದ ಅಪ್ಪ ಸಂಜೆಯಾದರೆ ಮಗಳನ್ನೂ ಕತ್ತರಿಯನ್ನೂ ಕರೆದುಕೊಂಡು ಹಾಸ್ಟೆಲ್ಲಿನ ಅಂಗಳಕ್ಕೆ ಬಂದುಬಿಡುತ್ತಿದ್ದ. ಮುಚ್ಚಿದ ಕಿಟಕಿಯ ಗಾಜೇ ಅವನಿಗೆ ಕನ್ನಡಿ. ಒಂದು ಸಂಜೆ ಬಕೆಟ್ಟು ಬೋರಲು ಹಾಕಿ ಕೂತು, "ಹೇಳು, ನನ್ನ ಕೂದಲು ನಾನೇ ಕತ್ತರಿಸ್ಕೋತೀನಿ, ನೀನು ಹೇಳಿದ ಹಾಗೆ" ಎಂದ.

ಅವಳಿಗೆ ಅಷ್ಟು ಸಾಕಾಗಿತ್ತು. "ತಡೀರಿ. ಕಿವಿ ಹಿಂದೆ. ತಡೀರಿ. ಅಯ್ಯೋ, ಆ ಕಿವಿ ಅಲ್ರೀ, ಈ ಕಿವಿ! ತಡೀರಿ ಅಂದೆ!"

ಅಪ್ಪನ ಅರ್ಧ ತಲೆ ಬೋಳಾಯಿತು. ಪಕ್ಕದ ಕಿಟಕಿಯಲ್ಲಿ ಡಾಕ್ಟರು ಗಾಜು ಬಡಿದು ಬಡಿದು ನಕ್ಕರು. ಜ್ವರ ಬರುತ್ತದೋ ಇಲ್ಲವೋ ಎಂದು ಬೆಳಗಾದರೆ ಥರ್ಮಾಮೀಟರಿಗೆ ಹೆದರುತ್ತಿದ್ದ ಜನ, ಸಂಜೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಗಳು ಮಾತ್ರ ಒಂದು ದಿನ ಗಾಜಿಗೆ ಅಂಗೈ ಒತ್ತಿ, ಅಮ್ಮನೂ ಆಚೆಯಿಂದ ಒತ್ತಲಿ ಎಂದು ಕಾದಳು. ಅಮ್ಮ ಒತ್ತಲಿಲ್ಲ. ತಲೆಯಾಡಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮಗಳಿಗೆ ಅಂದು ಬಂದಷ್ಟು ಸಿಟ್ಟು ಜನ್ಮದಲ್ಲಿ ಮತ್ತೆ ಬರಲಿಲ್ಲ.

ಇಬ್ಬರಿಗೂ ಜ್ವರ ಬರಲಿಲ್ಲ. ಮನೆಗೆ ಬಂದ ಅಮ್ಮ ಮಗಳನ್ನು ಎತ್ತಿಕೊಂಡವಳು ಇಳಿಸಲೇ ಇಲ್ಲ. ಅವಳನ್ನು ಸೊಂಟಕ್ಕೇರಿಸಿಕೊಂಡೇ ಒಲೆ ಹಚ್ಚಿದಳು, ಬಾಗಿಲು ತೆರೆದಳು, ಗಂಡನ ತಲೆ ನೋಡಿ ನಕ್ಕಳು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ಸತ್ತವರನ್ನು ಬಿಗಿದ ಚೀಲದಲ್ಲಿ ಸಾಗಿಸುವಾಗ ಮನೆಯವರನ್ನು ದೂರ ನಿಲ್ಲಿಸಿ ಅಡ್ಡಕ್ಕೆ ಹಗ್ಗ ಹಿಡಿಯುತ್ತಿದ್ದವಳೂ ಅವಳೇ. ಪಾದ ಒಂದು ಮುಟ್ಟುತ್ತೀನಿ ಎಂದು ಕೇಳಿದ ಒಬ್ಬ ತಾಯಿಗೆ ಬೇಡ ಎಂದಿದ್ದಳಂತೆ. ಬೇಡ ಎನ್ನಲೇಬೇಕಿತ್ತು. ಆದರೂ ಆ ಸಂಕಟ ಹೊಟ್ಟೆಯಲ್ಲಿ ಉಳಿದುಬಿಟ್ಟಿತು.

* * *

ಹೊರಗೆ ಗಾಡಿಯ ಹಾರನ್ನು ಕೇಳಿತು. ಗಾಡಿಯವನು ಒಳಗೆ ಇಣುಕಿ, "ಮುಚ್ಚಳ ಹಾಕೋಣವಾ?" ಎಂದ.

"ಒಂದು ನಿಮಿಷ!" ಎಂದಳು ಮಗಳು. "ಕೈ ಮುಗಿದು ಕೇಳ್ತೀನಿ, ಬನ್ನಿ. ಅಮ್ಮನ ಆಸೆ ಇದು."

ಡಾಕ್ಟರು ಅರ್ಧ ಎದ್ದರು. ಲಾಂಡ್ರಿಯಮ್ಮನೂ ಎದ್ದಳು. ಎದ್ದವರು ಅಲ್ಲೇ ನಿಂತು, ಮುಂದೇನು ಎಂಬಂತೆ ಪೆಟ್ಟಿಗೆಯ ಕಡೆ ನೋಡತೊಡಗಿದರು. ಬರಬೇಕೆಂಬ ಆಸೆ ಮುಖದಲ್ಲೇ ಇತ್ತು. ಮಗಳಿಗೆ ಥಟ್ಟನೆ ಹೊಳೆಯಿತು: ಅಯ್ಯೋ ದೇವರೇ, ಇವರು ಹೇಳಿಸಿಕೊಳ್ಳಲು ಕಾಯುತ್ತಿದ್ದಾರೆ!

ಅವಳು ಪೆಟ್ಟಿಗೆಯ ತಲೆದೆಸೆಗೆ ಹೋಗಿ ನಿಂತು ಸೊಂಟಕ್ಕೆ ಕೈಯಿಟ್ಟಳು.

"ತಡಿ!"

ಗೋಡೆಯುದ್ದಕ್ಕೂ ಎಲ್ಲರ ಬೆನ್ನು ನೆಟ್ಟಗಾಯಿತು.

"ಡಾಕ್ಟ್ರೇ, ಜೇಬಿಂದ ಕೈ ತೆಗಿ. ತಡಿ. ಒಂದು ಹೆಜ್ಜೆ ಮುಂದೆ ಬಾ. ಇನ್ನೊಂದು. ತಡಿ. ಬಗ್ಗು. ಈಗ ಅವಳ ಕೈ ಹಿಡ್ಕೊ."

ಬಿಳಿಗೂದಲಿನ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿದರು. ಬರಿಗೈಯಲ್ಲಿ ಬರಿಗೈ ಹಿಡಿದು, ಮಗುವಿನಂತೆ ಬಿಕ್ಕಿ ಅತ್ತರು. "ಥೂ ನಿನ್ನ, ಇಷ್ಟು ವರ್ಷ ಒಂದು ಥ್ಯಾಂಕ್ಸನ್ನೂ ಕೈ ಹಿಡಿದು ಹೇಳಲಿಲ್ವಲ್ಲೇ ನಾನು" ಎಂದರು.

"ಲಾಂಡ್ರಿಯಮ್ಮ, ಬಾ. ತಡಿ. ಕೆನ್ನೆ ಹಿಂಡು."

"ಜೋರಾಗೇ ಹಿಂಡ್ತೀನಿ ನೋಡು! ಎಷ್ಟು ಬೈದಿದ್ದಾಳೆ ಈ ಮುದುಕಿ ನನಗೆ!" ಲಾಂಡ್ರಿಯಮ್ಮ ಹಿಂಡಿದಳು, ನಕ್ಕಳು, ಹಿಂಡಿದ ಕೆನ್ನೆಗೇ ಮುತ್ತಿಟ್ಟಳು.

"ಇನ್ನು ನಾನು ಹೇಳಲ್ಲ. ಎಲ್ಲರೂ ಬನ್ನಿ!"

ಬಂದರು ನೋಡಿ! ಗೋಡೆಗಂಟಿದ್ದವರು ಬಂದರು, ಅಂಗಳದವರು ಚಪ್ಪಲಿ ಹಾರಿಸಿಕೊಂಡು ನುಗ್ಗಿದರು. ಕಾಲು ತುಳಿದವರು, ಬೈಸಿಕೊಂಡವರು, ಒಬ್ಬರ ಹೆಗಲ ಮೇಲೊಬ್ಬರು ಅತ್ತವರು. ಬಾಚಿದ ಕೂದಲೆಲ್ಲ ಕೆದರಿಹೋಯಿತೆಂದು ಅಪ್ಪ ಗೊಣಗುತ್ತಲೇ ಮತ್ತೆ ಬಾಚಿದ, ಮತ್ತೆ ಕೆದರಿತು. ಮಗಳು ಆ ನೂಕುನುಗ್ಗಲಿನ ನಡುವೆ ಹೇಗೋ ತೂರಿ, ಅಮ್ಮನ ಅಂಗೈಗೆ ತನ್ನ ಅಂಗೈಯನ್ನು ಒತ್ತಿ ಹಿಡಿದಳು.

ಕೊನೆಗೆ ಮುಚ್ಚಳ ಹಾಕಿದ್ದಾಯಿತು. "ಎತ್ತೋಕೆ ನಾಲ್ಕು ಜನ ಸಾಕು, ಉಳಿದವರು ಬಿಡಿ" ಎಂದ ಗಾಡಿಯವನು. ಕೇಳುವವರು ಯಾರು? ಹಿಡಿಕೆ ಸಿಗದವರು ಅಂಚು ಹಿಡಿದರು, ಅಂಚು ಸಿಗದವರು ತಳಕ್ಕೆ ಕೈಯಿಟ್ಟರು, ಅದೂ ಸಿಗದವರು ಹಿಡಿದವರ ತೋಳು ಹಿಡಿದರು. ಬಾಗಿಲ ಹತ್ತಿರ ಬಂದಾಗ ಎರಡೂ ಕಡೆಯ ಹೆಗಲುಗಳು ಚೌಕಟ್ಟಿಗೆ ಸಿಕ್ಕಿಕೊಂಡವು.

"ಒಂದೆರಡು ಜನನಾದ್ರೂ ಕೈ ಬಿಡ್ರಪ್ಪಾ!" ಗಾಡಿಯವನು ಹೊರಗಿನಿಂದ ಗೋಗರೆದ.

ಡ್ರೈವರು ಡಾಕ್ಟರನ್ನು ನೋಡಿದ, ಡಾಕ್ಟರು ಲಾಂಡ್ರಿಯಮ್ಮನನ್ನು ನೋಡಿದರು. ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ, ಕೈಗಳ ನಡುವೆ ಮರವೇ ಕಾಣದಂತೆ, ಪೆಟ್ಟಿಗೆ ನಿಂತುಬಿಟ್ಟಿತು.