ಬ್ರೇಕ್ ಡಬ್ಬಿಗೆ ಪ್ರೆಸ್ ಮಷೀನಿನ ಎಣ್ಣೆ

ಪೀಣ್ಯದ ಹಳೇ ಊರಿನ ಬೀದಿಯಲ್ಲಿ ಹಿಂದೆ ಹಸು ಕಟ್ಟುತ್ತಿದ್ದ ಜಾಗದಲ್ಲೆಲ್ಲ ಈಗ ಕಾರು ನಿಂತಿವೆ. ಅರ್ಧಕ್ಕರ್ಧ ಸೆಕೆಂಡ್ ಹ್ಯಾಂಡ್ ಕಾರುಗಳೇ. ಹಸುವಿಗೆ ಯಾವ ಮೇವು ಹಾಕಬೇಕು, ಯಾವುದು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ ಜನ, ಕಾರಿನ ವಿಷಯಕ್ಕೆ ಬಂದರೆ ಮನೆಯಲ್ಲಿ ಏನಿದೆಯೋ ಅದನ್ನೇ ಸುರಿಯುತ್ತಾರೆ. ಸುರಿದು, ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡರೆ ಮುಗಿಯಿತು.

ರಾಮಾಂಜಿನಪ್ಪ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ. ಇಪ್ಪತ್ತೆರಡು ವರ್ಷದಿಂದ ಒಂದು ಚಿಕ್ಕ ಕಾರ್ಖಾನೆಯಲ್ಲಿ, ಎಣ್ಣೆಯ ಒತ್ತಡದಿಂದ ತಗಡು ಒತ್ತುವ ಹೈಡ್ರಾಲಿಕ್ ಪ್ರೆಸ್ ನಡೆಸುವವನು. ಯಾವ ಎಣ್ಣೆಯನ್ನಾದರೂ ಎರಡು ಬೆರಳಿನ ನಡುವೆ ಉಜ್ಜಿ, ಮೂಸಿ ನೋಡಿ, ಇದು ಇಂಥದ್ದು ಎಂದುಬಿಡುತ್ತಿದ್ದ. ಸೂಪರ್‌ವೈಸರೇ ಅವನನ್ನು ಕೇಳುತ್ತಿದ್ದರು. ಹೀಗಾಗಿ ಎಣ್ಣೆಯ ವಿಷಯದಲ್ಲಿ ಅವನಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ.

ಅವನ ಮಗಳು ಬಿಂದುಶ್ರೀ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಳು. ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ಮೇಲೆ ಅವಳಿಗೆಂದು ಹನ್ನೊಂದು ವರ್ಷ ಹಳೆಯದೊಂದು ಬಿಳಿ ಕಾರು ಮನೆಗೆ ಬಂತು. ಹುಡುಗಿ ಜೋಪಾನ. ಭಾನುವಾರ ಬಂತೆಂದರೆ ಬಾನೆಟ್ ಎತ್ತಿ ಒಂದೊಂದನ್ನೇ ನೋಡುತ್ತಿದ್ದಳು.

"ಅಪ್ಪಾ, ಬ್ರೇಕ್ ಆಯಿಲ್ ಕೆಳಗಿನ ಗೆರೆಗೆ ಇಳಿದುಬಿಟ್ಟಿದೆ" ಎಂದಳು ಒಂದು ಭಾನುವಾರ.

"ಇಳೀಲಿ ಬಿಡು, ನಾನಿಲ್ವಾ?" ಎಂದು ಅವನು ಒಳಗಿನಿಂದ ಒಂದು ನೀರಿನ ಬಾಟಲಿ ತಂದ. ಒಳಗೆ ಬಂಗಾರದ ಬಣ್ಣದ ಎಣ್ಣೆ. ಕಾರ್ಖಾನೆಯ ಪ್ರೆಸ್ಸಿಗೆ ಹಾಕಿ ಉಳಿದದ್ದು.

"ಮುಚ್ಚಳದ ಮೇಲೆ ಏನೋ ಬರ್ದಿದಾರಪ್ಪಾ. ಡಾಟ್ ಮೂರೋ ನಾಕೋ ನಂಬರಿನ ಬ್ರೇಕ್ ಆಯಿಲ್ ಮಾತ್ರ ಹಾಕಿ, ಸೀಲ್ ಇರೋ ಬಾಟ್ಲೀದೇ ಹಾಕಿ ಅಂತ."

"ಬರೀತಾರೆ. ಬರೀದಿದ್ರೆ ಅವರ ಬಾಟ್ಲಿ ಯಾರ್ ತಗೋತಾರೆ? ಪ್ರೆಸ್ಸೂ ಹೈಡ್ರಾಲಿಕ್ಕೇ, ಬ್ರೇಕೂ ಹೈಡ್ರಾಲಿಕ್ಕೇ. ಇನ್ನೂರು ಟನ್ ಒತ್ತೋ ಎಣ್ಣೆಗೆ ನಿನ್ನ ಡಬ್ಬಾ ಗಾಡಿ ನಿಲ್ಲಿಸೋಕೆ ಆಗಲ್ವಾ?"

ಮೇಲಿನ ಗೆರೆಯ ತನಕ ಸುರಿದ. ಎಣ್ಣೆ ಯಾಕೆ ಇಳಿಯಿತು ಎಂದು ಮಾತ್ರ ಅವನೂ ಕೇಳಿಕೊಳ್ಳಲಿಲ್ಲ, ಅವಳೂ ಕೇಳಲಿಲ್ಲ.

ಗುರುವಾರ ಸಂಜೆ ಕಾಲೇಜಿನಿಂದ ಬಂದವಳು ಬ್ಯಾಗು ಇಡುವ ಮೊದಲೇ ಶುರುಮಾಡಿದಳು. "ಅಪ್ಪಾ, ಪೆಡಲ್ ಕಲ್ಲಿನ ಥರ ಗಟ್ಟಿ ಆಗಿದೆ. ಕಾಲು ತೆಗೆದ್ರೂ ಯಾರೋ ಹಿಂದಿನಿಂದ ಹಿಡ್ಕೊಂಡಂಗೆ ಇರುತ್ತೆ ಗಾಡಿ."

"ಬ್ರೇಕ್ ಚೆನ್ನಾಗಿ ಹಿಡೀತಿದೆ ಅಂತ ಖುಷಿಪಡು ತಾಯಿ" ಎಂದು ನಕ್ಕುಬಿಟ್ಟ.

ಅದಾದ ಭಾನುವಾರ ದಾಬಸ್‌ಪೇಟೆಯಲ್ಲಿ ನೆಂಟರ ಮನೆಯ ನಾಮಕರಣ. ರಾಮಾಂಜಿನಪ್ಪನ ತಾಯಿ ಸುಬ್ಬಲಕ್ಷ್ಮಮ್ಮ ಮೊಮ್ಮಗಳ ಪಕ್ಕದ ಸೀಟಿನಲ್ಲಿ ಮಹಾರಾಣಿಯಂತೆ ಕೂತು ಹೊರಟರು. ಬಿಂದುಶ್ರೀ ತನ್ನ ಫೋನನ್ನು ಅಜ್ಜಿಯ ಕೈಚೀಲಕ್ಕೆ ಹಾಕಿದಳು. ಗಾಡಿ ಓಡಿಸುವಾಗ ಫೋನ್ ಮುಟ್ಟಿದರೆ ಕೀ ಕಿತ್ತುಕೊಳ್ಳುತ್ತೇನೆ ಎಂದು ಅಪ್ಪ ಮೊದಲ ದಿನವೇ ಗದರಿಸಿದ್ದ. ಆ ಒಂದು ಮಾತನ್ನಾದರೂ ಅವನು ಸರಿಯಾಗಿಯೇ ಹೇಳಿದ್ದ.

ಅವರು ಹೊರಟ ಅರ್ಧ ಗಂಟೆಗೆ ರಾಮಾಂಜಿನಪ್ಪ ವೈಪರ್ ರಬ್ಬರ್ ತರಲು ಶಾಂತಿಯ ಅಂಗಡಿಗೆ ಹೋದ. ಗಾಡಿ ಬಿಡಿಭಾಗಗಳ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ಯಾವ ಗಾಡಿಗೆ ಯಾವ ನಟ್ಟು ಎಂದು ಬಾಯಲ್ಲೇ ಹೇಳುವ ಹೆಣ್ಣುಮಗಳು. ಯಾರೋ ಒಬ್ಬರು ಅವಳಿಂದ ಅಂಗೈಯಗಲದ ಬ್ರೇಕ್ ಆಯಿಲ್ ಬಾಟಲಿ ಕೊಂಡು ಹೋಗುತ್ತಿದ್ದರು.

"ಇಷ್ಟುದ್ದ ಬಾಟ್ಲಿಗೆ ಅಷ್ಟು ದುಡ್ಡಾ?" ಎಂದು ರಾಮಾಂಜಿನಪ್ಪ ನಕ್ಕ. "ನಾನು ಹೋದ್ವಾರ ನಮ್ಮ ಪ್ರೆಸ್ ಎಣ್ಣೇನೇ ಹಾಕ್ದೆ ಶಾಂತಿ. ಮಗಳ ಗಾಡಿಗೆ. ಸಕ್ಕತ್ತಾಗಿ ಹಿಡೀತೈತೆ ಬ್ರೇಕು."

ಶಾಂತಿ ಚಿಲ್ಲರೆ ಎಣಿಸುತ್ತಿದ್ದವಳು ತಲೆ ಎತ್ತಿದಳು. "ಎಲ್ಲಿಗೆ ಹಾಕಿದ್ರಿ ಅಣ್ಣ? ಬ್ರೇಕ್ ಡಬ್ಬಿಗಾ?"

"ಹೂಂ. ಯಾಕೆ?"

"ಪೆಡಲ್ ಗಟ್ಟಿ ಆಗಿದೆ ಅಂದ್ಲಾ ಬಿಂದು? ಕಾಲು ತೆಗೆದ್ರೂ ಗಾಡಿ ಬಿಟ್ಕೊಳ್ತಿಲ್ಲ ಅಂದ್ಲಾ?"

ರಾಮಾಂಜಿನಪ್ಪನ ನಗು ಅಲ್ಲೇ ನಿಂತಿತು. ಇವಳಿಗೆ ಹೇಗೆ ಗೊತ್ತಾಯಿತು? ಆದರೂ ಸೋಲಲು ಮನಸ್ಸಿಲ್ಲ. "ಎಣ್ಣೆ ಎಣ್ಣೇನೇ ಅಲ್ವಾ?" ಎಂದ.

ಶಾಂತಿ ಮೇಜಿನ ಖಾನೆಯಿಂದ ಎರಡು ರಬ್ಬರ್ ವಾಷರ್ ತೆಗೆದು ಅವನ ಅಂಗೈಗೆ ಹಾಕಿದಳು. ಒಂದು ಹೊಸದು, ಚೊಕ್ಕ. ಇನ್ನೊಂದು ನೀರಲ್ಲಿ ನೆನೆದ ಕಡಲೆಯಂತೆ ಊದಿ ಮೆತ್ತಗಾಗಿತ್ತು. "ಎರಡೂ ಒಂದೇ ಸೈಜಿನವು ಅಣ್ಣ. ಹೋದ ತಿಂಗಳು ನಿಮ್ಮ ಥರಾನೇ ಒಬ್ಬರು ಪ್ರೆಸ್ ಎಣ್ಣೆ ಹಾಕಿದ್ರು. ಬ್ರೇಕ್ ಒಳಗಿನ ರಬ್ಬರ್ ಆ ಎಣ್ಣೆಗೆ ಊದ್ಕೊಳ್ಳತ್ತೆ. ಒತ್ತಿದ ಬ್ರೇಕ್ ವಾಪಸ್ ಬಿಡಲ್ಲ, ಚಕ್ರ ಕಾಯ್ತಾ ಹೋಗತ್ತೆ. ಕೊನೆಗೊಂದು ಸಲ ಕಾಲಿಟ್ರೆ ಪೆಡಲ್ ನೆಲಕ್ಕೇ ಇಳಿಯತ್ತೆ. ಗಾಡಿ ಎಲ್ಲಿ?"

"ತುಮಕೂರು ರಸ್ತೇಲಿ. ಅವ್ವನೂ ಇದಾಳೆ."

ತನ್ನ ಧ್ವನಿ ತನಗೇ ಬೇರೆ ಯಾರದೋ ಎನ್ನಿಸಿತು. ಫೋನ್ ತೆಗೆದು ಒತ್ತಿದ. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಒತ್ತಿದ. ಎತ್ತಲಿಲ್ಲ. ಎತ್ತಬೇಡ ಎಂದವನು ತಾನೇ. ಮೂರನೇ ಸಲಕ್ಕೆ ಆ ಕಡೆ ಗರಗರ ಸದ್ದಾಗಿ ತಾಯಿಯ ದನಿ ಕೇಳಿತು.

"ಯಾರೂ?"

"ಅವ್ವ, ನಾನು."

"ರಾಮಾಂಜಿನಾ? ಈ ಅಸ್ರು ಗುಂಡಿ ಒತ್ತಿದ್ಕೆ ಮಾತು ಬತ್ತು ನೋಡು. ಇಲ್ಲೇನೋ ಸುಟ್ಟ ವಾಸ್ನೆ ಕಣೋ ಮಗ, ಮೂಗಿಗೆ ಒಡೀತೈತೆ. ಲಾರೀದು ಅಂತಾಳೆ ನಿನ್ ಮಗಳು."

ಅದು ಲಾರಿಯದಲ್ಲ. ಎದುರಿಗೆ ಶಾಂತಿ ಎರಡೂ ಕೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂದು ಸನ್ನೆ ಮಾಡಿದಳು. "ಹೆದರಿಸ್ಬೇಡಿ ಅಣ್ಣ. ಹುಡುಗಿ ಗಾಬರಿ ಆದ್ರೆ ಕೆಟ್ಟಿತು. ಈಗ ಎಲ್ಲಿದಾರೆ ಕೇಳಿ."

"ಎಲ್ಲಿದೀರಾ ಅವ್ವ?"

"ಅದೇ ರೋಡಿಗೆ ಅಡ್ಡ ನಿಂತು ದುಡ್ಡು ಈಸ್ಕೋತಾರಲ್ಲ, ಆ ಗೇಟು ಕಾಣ್ತಾ ಐತೆ. ಲಾರಿಗಳು ಸಾಲಾಗಿ ನಿಂತವೆ."

ಮುಂದೆ ನಿಂತ ಲಾರಿಗಳ ಸಾಲು. ಹಿಂದೆ ಯಾವ ಕ್ಷಣಕ್ಕಾದರೂ ಬ್ರೇಕ್ ಕೈಕೊಡಬಹುದಾದ ಕಾರು.

"ಅವ್ವ, ನಾನು ಏನಂತೀನೋ ಅದನ್ನ ಅಂಗೇ ಕೂಸಿಗೆ ಹೇಳು. ಎಡಕ್ಕೆ ತಗೊಂಡು ಈಗ್ಲೇ ಮೆಲ್ಲಗೆ ನಿಲ್ಲಿಸು ಅನ್ನು."

ಅಜ್ಜಿ ಹೇಳಿದ್ದು ಕೇಳಿಸಿತು. ಬಿಂದುಶ್ರೀಯ ಉತ್ತರವೂ ಕೇಳಿಸಿತು. "ಗೇಟ್ ಹತ್ರ ಹೆಂಗೂ ನಿಲ್ಲಿಸ್ತೀನಿ ಅನ್ನಜ್ಜಿ." ಆಮೇಲೆ ಅವಳ ದನಿ, ತೀರಾ ಸಣ್ಣಗೆ. "ಅಜ್ಜೀ... ಪೆಡಲ್ ಕೆಳಗೆ ಹೋಗ್ತಾ ಇದೆ. ನಿಲ್ತಾ ಇಲ್ಲ."

ಶಾಂತಿ ಅವನ ಪಕ್ಕಕ್ಕೇ ಬಂದು ನಿಂತು ಒಂದೊಂದೇ ಹೇಳಿದಳು. ಅವನು ಅದನ್ನು ಫೋನಿಗೆ ಹೇಳಿದ. ಆ ಕಡೆ ಸುಬ್ಬಲಕ್ಷ್ಮಮ್ಮ ಅದನ್ನೇ ಕೂಗಿ ಹೇಳಿದರು.

"ಆಕ್ಸಿಲರೇಟರ್ ಬಿಡು ಅನ್ನು."

"ಅದ್ಯಾವ್ದೋ ಬಿಡ್ಬೇಕಂತೆ ಕೂಸೇ, ಕಾಲಲ್ಲಿ ಒತ್ತದು!"

"ಗೇರ್ ಇಳ್ಸು. ಮೂರು, ಆಮೇಲೆ ಎರಡು. ಒಂದೇ ಸಲ ಬೇಡ."

"ಗೇರು! ಮೂರು! ಆಮ್ಯಾಕೆ ಎರಡು!"

"ಕೀ ಮುಟ್ಬೇಡ. ಕೀ ತೆಗೆದ್ರೆ ಸ್ಟೇರಿಂಗ್ ಲಾಕ್ ಆಗ್ತದೆ. ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪ ಎಳಿ. ಅದು ತಂತೀಲಿ ನಡೆಯೋದು, ಎಣ್ಣೆ ಬೇಕಿಲ್ಲ."

ಎಂಜಿನ್ ಹುಯ್ಯಲಿಡುವ ಸದ್ದು ಕಿವಿಗೆ ಬಡಿಯಿತು. ಲಾರಿಯೊಂದರ ಹಾರ್ನ್. ಅವ್ವ ದೇವರ ಹೆಸರು ಕೂಗಿದ್ದು. ಏನೋ ದಡಾರನೆ ಬಿದ್ದ ಸದ್ದು. ಅಲ್ಲಿಗೆ ಲೈನ್ ಕಟ್ಟಾಯಿತು.

ಮತ್ತೆ ಒತ್ತಿದರೆ, ನೀವು ಕರೆ ಮಾಡಿದ ಚಂದಾದಾರರು ಸಿಗುತ್ತಿಲ್ಲ ಎಂಬ ಹೆಂಗಸಿನ ದನಿ. ಶಾಂತಿ ಶಟರ್ ಎಳೆದು ಸ್ಕೂಟರ್ ಹೊರತಂದಳು. ಹಿಂದೆ ಕೂತ ರಾಮಾಂಜಿನಪ್ಪನ ಕೈಯಲ್ಲಿ ಊದಿದ ಆ ರಬ್ಬರ್ ಇನ್ನೂ ಇತ್ತು. ನಾನೇ ಕೊಂದೆ, ನನ್ನ ಕೈಯಾರೆ ಸುರಿದು ಕೊಂದೆ ಎಂದು ಮನಸ್ಸು ಹೇಳುತ್ತಿತ್ತು. ಎದುರಿಗೆ ಬಂದ ಒಂದೊಂದು ಆಂಬುಲೆನ್ಸೂ ಅವರದೇ ಎನ್ನಿಸುತ್ತಿತ್ತು.

ಟೋಲ್ ಗೇಟಿಗೆ ಇನ್ನೂರು ಮೀಟರ್ ಇರುವಾಗ ರಸ್ತೆಯ ಎಡಕ್ಕೆ ಜನ ಗುಂಪಾಗಿದ್ದರು. ಬಿಳಿ ಕಾರಿನ ಮೂತಿ ಜಲ್ಲಿಯ ಗುಡ್ಡೆಯೊಳಗೆ ಹೂತಿತ್ತು. ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಸುಬ್ಬಲಕ್ಷ್ಮಮ್ಮ ಮೈಲಿಗಲ್ಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಬಿಂದುಶ್ರೀ ನಿಂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಓಡಿಸೋಕೆ ಬರ್ದೇ ಇದ್ರೂ ಇಂಥಾ ಮಕ್ಕಳ ಕೈಗೆ ಗಾಡಿ ಕೊಟ್ಟು ಕಳಿಸ್ತಾರೆ" ಎಂದು ಗುಂಪಿನಲ್ಲೊಬ್ಬ ಹೇಳುತ್ತಿದ್ದ. "ಹುಡುಗಿ ಅಂದ್ಮೇಲೆ ಇನ್ನೇನು, ಬ್ರೇಕ್ ಯಾವ್ದು ಅಂತಾನೇ ಗೊತ್ತಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ತನ್ನದೇ ತಪ್ಪಿರಬೇಕು ಎಂದುಕೊಂಡಿದ್ದಳು ಪಾಪ. ಅದನ್ನು ನೋಡಿ ರಾಮಾಂಜಿನಪ್ಪ ಜನರನ್ನು ತಳ್ಳಿಕೊಂಡು ಅವಳ ಮುಂದೆ ನಿಂತ.

"ತಪ್ಪು ನಂದು ಸ್ವಾಮಿ" ಎಂದ ಎಲ್ಲರಿಗೂ ಕೇಳುವಂತೆ. "ಬ್ರೇಕ್ ಡಬ್ಬಿಗೆ ಕಾರ್ಖಾನೆ ಎಣ್ಣೆ ಸುರಿದವನು ನಾನು. ಇವಳು ಮುಚ್ಚಳದ ಮೇಲಿದ್ದದ್ದು ಓದಿ ಹೇಳಿದ್ಲು, ನಾನು ಕೇಳಲಿಲ್ಲ. ಗಟ್ಟಿ ಆಗಿದೆ ಅಂದ್ಲು, ನಾನು ನಕ್ಕೆ. ಬ್ರೇಕಿಲ್ಲದ ಗಾಡೀನ ಇಷ್ಟು ಲಾರಿಗಳ ಮಧ್ಯೆ ನಿಲ್ಲಿಸಿದ್ದಾಳೆ ನನ್ ಮಗಳು. ನಿಮ್ಮಲ್ಲಿ ಯಾರ ಕೈಲಿ ಆಗ್ತಿತ್ತು ಹೇಳಿ."

ಬಿಂದುಶ್ರೀ ಆಗ ಅತ್ತಳು, ಅಲ್ಲಿಯವರೆಗೂ ಅಳದವಳು. ಅಪ್ಪನೂ ಅತ್ತ. ಸುಬ್ಬಲಕ್ಷ್ಮಮ್ಮ ಮಾತ್ರ, "ಅಳದೆಲ್ಲಾ ಆಮ್ಯಾಕೆ, ಮೊದ್ಲು ಆ ಒಗೆ ಬತ್ತಾ ಇರೋದ್ನ ನೋಡ್ರೋ" ಎಂದರು.

ಗಾಡಿಯನ್ನು ಎಳೆದುಕೊಂಡು ಹೋಗಿ ಮೆಕ್ಯಾನಿಕ್ ಸಿದ್ದರಾಜುವಿನ ಗ್ಯಾರೇಜಿಗೆ ಬಿಟ್ಟರು. ಸಿದ್ದರಾಜು ಎಲ್ಲ ಬಿಚ್ಚಿ ತೋರಿಸಿದ. ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ಒಂದು ರಬ್ಬರೂ ಸರಿಯಿರಲಿಲ್ಲ. ಎಲ್ಲವನ್ನೂ ಬದಲಿಸಿ, ಪೈಪುಗಳನ್ನು ತೊಳೆದು, ಹೊಸ ಎಣ್ಣೆ ತುಂಬಬೇಕಾಯಿತು. ಇಷ್ಟಕ್ಕೂ ಮೊದಲು ಎಣ್ಣೆ ಇಳಿದದ್ದೇಕೆ? ಮುಂದಿನ ಬ್ರೇಕ್ ಪ್ಯಾಡು ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಎಣ್ಣೆ ಇಳಿಯಿತೆಂದರೆ ಪ್ಯಾಡು ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದು ಗಾಡಿಯೇ ಹೇಳಿದಂತೆ ಎಂದ ಸಿದ್ದರಾಜು. ತುಂಬಿಸಿ ಸುಮ್ಮನಾಗಬಾರದಂತೆ.

ಅವತ್ತು ಸಂಜೆ ಶಾಂತಿ ಮನೆಗೇ ಬಂದಳು. ರಾಮಾಂಜಿನಪ್ಪ ಚಿಕ್ಕ ಮಕ್ಕಳಂತೆ ಪ್ರಶ್ನೆ ಕೇಳಿದ.

"ರೇಡಿಯೇಟರ್‌ಗೂ ನಾನು ಬೋರ್ ನೀರೇ ಹಾಕಿದೀನಿ ಶಾಂತಿ."

"ನಮ್ಮ ಪೀಣ್ಯದ ಬೋರ್ ನೀರು ಕುದಿಸಿದ ಪಾತ್ರೆ ತಳ ನೋಡಿದೀರಲ್ಲಣ್ಣ? ಬೆಳ್ಳಗೆ ಕಟ್ಟಿರತ್ತೆ. ರೇಡಿಯೇಟರ್ ಒಳಗೂ ಅದೇ ಆಗೋದು. ಗಾಡಿ ಪುಸ್ತಕದಲ್ಲಿ ಹೇಳಿರೋ ಕೂಲೆಂಟೇ ಹಾಕಿ. ಇನ್ನೊಂದು, ಎಂಜಿನ್ ಬಿಸಿ ಇದ್ದಾಗ ಆ ಮುಚ್ಚಳ ಯಾವತ್ತೂ ತೆಗೀಬೇಡಿ. ಕುದಿಯೋ ನೀರು ಮುಖಕ್ಕೇ ಎಗರತ್ತೆ."

"ಎಂಜಿನ್ ಆಯಿಲ್?"

"ಅದರ ನಂಬರೂ ಪುಸ್ತಕದಲ್ಲೇ ಇದೆ. ಗಾಡೀನ ಸಮ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಎಣ್ಣೆ ಅಳೆಯೋ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತಿನ ಮಧ್ಯೆ ಇರ್ಬೇಕು. ಜಾಸ್ತಿ ಹಾಕಿದ್ರೂ ಕೆಡುಕೇ. ಸೆಕೆಂಡ್ ಹ್ಯಾಂಡ್ ತಗೊಂಡ ದಿನ ಹಿಂದಿನವರು ಏನ್ ಹಾಕಿದ್ರೋ ಯಾರಿಗೆ ಗೊತ್ತು? ಅದಕ್ಕೇ ಮೊದಲು ಎಲ್ಲಾ ಹೊಸದು ಹಾಕಿಸ್ಬೇಕು. ಬ್ರೇಕ್ ಆಯಿಲ್ ಅಂತೂ ಗಾಳೀಲಿರೋ ತೇವ ಹೀರ್ಕೊಳ್ಳತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ತೆರೆದ ಬಾಟ್ಲಿ ಎತ್ತಿಟ್ಟು ಮತ್ತೆ ಬಳಸ್ಬೇಡಿ."

ಬಿಂದುಶ್ರೀ ಬರೆದುಕೊಂಡಳು. ರಾಮಾಂಜಿನಪ್ಪ ಗಾಡಿಯ ಪುಸ್ತಕ ಹುಡುಕಿ ತಂದು ಅವಳ ಕೈಗೆ ಕೊಟ್ಟ. "ಓದಿ ಹೇಳವ್ವ, ನಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ" ಎಂದ. ಇಪ್ಪತ್ತೆರಡು ವರ್ಷದಲ್ಲಿ ಎಣ್ಣೆಯ ವಿಷಯಕ್ಕೆ ಅವನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಮುಂದೆಯೂ ಒಂದು ಹಳೇ ಕಾರು ನಿಂತಿರಬಹುದು. ಮಗನೋ ಮಗಳೋ ನಾಳೆ ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೋಗಬಹುದು. ಈಗಲೇ ಎದ್ದು ಬಾನೆಟ್ ಎತ್ತಿ. ಮುಚ್ಚಳದ ಮೇಲೆ ಬರೆದದ್ದನ್ನು ಓದಿ, ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ. ತಪ್ಪಾಗಿ ಏನಾದರೂ ಸುರಿದಿದ್ದರೆ ಗಾಡಿಯನ್ನು ಒಂದಡಿಯೂ ಓಡಿಸದೆ, ನಾಚಿಕೆಪಡದೆ ಮೆಕ್ಯಾನಿಕ್‌ಗೆ ನಿಜ ಹೇಳಿ. ಪೆಡಲ್ ಬದಲಾಗಿದೆ, ಸದ್ದು ಬರುತ್ತಿದೆ, ವಾಸನೆ ಬರುತ್ತಿದೆ ಎಂದು ಓಡಿಸುವವರು ಹೇಳಿದರೆ ನಗಬೇಡಿ. ರಾಮಾಂಜಿನಪ್ಪನಿಗೆ ತನ್ನ ತಪ್ಪು ಒಪ್ಪಿಕೊಳ್ಳಲು ಮಗಳು ಉಳಿದಿದ್ದಳು. ಎಲ್ಲ ಅಪ್ಪಂದಿರಿಗೂ ಆ ಭಾಗ್ಯ ಸಿಗುವುದಿಲ್ಲ.